ಎರಡನೇ ಜ್ವರ

ಬೀಡಿ ಬಿಸಾಕಿ ಬನ್ನಿ, ಅಂದಳು ಗಂಗರತ್ನ,
ಗಾಡಿ ಪೂರ್ತಿ ನಿಲ್ಲುವ ಮುಂಚೆಯೇ.
ಆಮೇಲೆ ಕೈ ತೊಳೆಸಿದಳು, ಸೋಪು ಹಾಕಿ, ಎರಡು ಸಲ.
ಇಪ್ಪತ್ತೆರಡು ವರ್ಷದಿಂದ ಶಿಡ್ಲಘಟ್ಟದಲ್ಲಿ ಕಾರಿನ ಏಸಿ ಬಿಚ್ಚುತ್ತಿದ್ದೇನೆ:
ಡಾಕ್ಟರ ಕಾರು, ರೀಲರುಗಳ ಕಾರು, ಮದುಮಕ್ಕಳ ಕಾರು.
ಬಾನೆಟ್ಟು ಎತ್ತುವುದಕ್ಕೆ ಮಡಿ ಕೇಳಿದ ಗಿರಾಕಿ
ಇವಳೊಬ್ಬಳೇ.

ಹಿಂದಿನ ಸೀಟು ಕಿತ್ತ ಜಾಗದಲ್ಲಿ ನೀಲಿ ಟ್ರೇಗಳು
ಒಂದರ ಮೇಲೊಂದು, ಪೇಪರು ಹೊದ್ದು.
ಇನ್ನೂರು ಮೊಟ್ಟೆ ಚಾಕಿ ಹುಳು, ಎರಡನೇ ಜ್ವರಕ್ಕೆ ಕೂತಿವೆ,
ದಿಬ್ಬೂರಹಳ್ಳಿಗೆ ಹೋಗಬೇಕು.
ಬೆಳಗಿನ ಆರಕ್ಕೆ ಹೊರಟಿದ್ದಳು. ಪಂಕ್ಚರು ತಿಂತು ಮೂರು ಗಂಟೆ.
ಈಗ ಮೇ ತಿಂಗಳ ಹತ್ತೂವರೆ ಬಿಸಿಲು
ಟಿನ್ ಶೀಟಿನ ಮೇಲೆ ಕೂತು ಇಳಿಯುತ್ತಿಲ್ಲ.

ಗುಂಡಿ ಒತ್ತಿದರೆ ದೀಪ ಹತ್ತುತ್ತದೆ.
ಗಾಳಿಯೂ ಬರುತ್ತದೆ, ಒಲೆ ಊದಿದ ಗಾಳಿ.
ಬರದೇ ಇರುವುದು ಒಂದು ಟಕ್:
ಕಂಪ್ರೆಸರಿನ ಕ್ಲಚ್ಚು ಹಿಡಿಯುವ ಸದ್ದು,
ಅಡಕತ್ತರಿಯಲ್ಲಿ ಹೋಳು ಬಿದ್ದ ಹಾಗೆ.
ನನ್ನ ಕಸುಬೆಲ್ಲ ಅದಕ್ಕೆ ಕಿವಿಗೊಡುವುದು.

ಫ್ಯೂಸು ಕಿತ್ತು ಬೆಳಕಿಗೆ ಹಿಡಿದೆ. ಎಳೆ ಹರಿದಿಲ್ಲ.
ರಿಲೇ ಮೇಲೆ ಗುಮಾನಿ. ಹಾರನ್ನಿನದೂ ಅದೇ ಅಳತೆ,
ಅದನ್ನು ಕಿತ್ತು ಇಲ್ಲಿ ಚುಚ್ಚಿ ನೋಡಿದೆ.
ಇಲ್ಲ.
ತೆಗೆದು ಹಳೆಯದನ್ನೇ ಹಾಕಿದೆ.
ಬೆಲ್ಟು ಬಿಗಿಯಿದೆ, ವೈರಿಗೆ ಇಲಿಯ ಹಲ್ಲು ಬಿದ್ದಿಲ್ಲ.
ಹಿಂದಿನಿಂದ ಗಂಗರತ್ನ ಥರ್ಮಾಮೀಟರು ಓದಿದಳು:
ಮೂವತ್ತೊಂದು.

ಉಸ್ತಾದ್ ದಸ್ತಗೀರ್ ಸಾಹೇಬರು ಹೇಳೋರು:
ಕೆಡೋದು ಬೇರೆ, ಒಲ್ಲೆ ಅನ್ನೋದು ಬೇರೆ.
ಪೈಪಿನ ಮೇಲೆ ಹೆಬ್ಬೆರಳ ಗಾತ್ರದ ಸ್ವಿಚ್ಚೊಂದು ಕಾವಲಿಗಿದೆ.
ಗ್ಯಾಸು ಇಳಿದರೆ ಅದು ಬಾಗಿಲು ಹಾಕುತ್ತದೆ.
ಎಣ್ಣೆ ಓಡುವುದೂ ಗ್ಯಾಸಿನ ಹೆಗಲ ಮೇಲೆಯೇ,
ಅದಿಲ್ಲದೆ ತಿರುಗಿದ ಕಂಪ್ರೆಸರು
ತನ್ನನ್ನು ತಾನೇ ಅರೆದುಕೊಳ್ಳುತ್ತದೆ.
ಶುರುವಾಗದ್ದನ್ನು ಮೊದಲು ಬೈಯಬೇಡ ಕಣೋ.

ಸ್ವಿಚ್ಚಿನ ಪ್ಲಗ್ಗು ಕಳಚಿ
ಗೇಣುದ್ದ ವೈರಿನಿಂದ ಎರಡು ತೂತು ಕೂಡಿಸಿದೆ.
ಟಕ್.
ಗಂಗರತ್ನ ನಕ್ಕೇಬಿಟ್ಟಳು. ನಾನು ಕಿತ್ತುಬಿಟ್ಟೆ.
ಬಂತಲ್ಲಣ್ಣಾ, ಯಾಕೆ?
ಬಂದಿದ್ದಕ್ಕೇ ಹೆದರಿಕೆ ತಾಯಿ,
ಕಾವಲುಗಾರನ ಕಣ್ಣಿಗೆ ಬಟ್ಟೆ ಕಟ್ಟಿ ಒಳಗೆ ಹೋಗಿದ್ದೀವಿ.
ಮೂವತ್ತೆರಡು, ಅಂದಳು.

ಗೇಜು ಹಾಕಿದೆ. ಮುಳ್ಳು ಎದ್ದು
ನೂರರ ಹತ್ತಿರ ಹೋಗಿ ನಿಂತಿತು, ನಡುಗದೆ.
ಗ್ಯಾಸಿದೆ. ಸುಳ್ಳು ಹೇಳುತ್ತಿರುವವನು ಕಾವಲುಗಾರನೇ.
ಹೊಸ ಸ್ವಿಚ್ಚು ಚಿಕ್ಕಬಳ್ಳಾಪುರದಿಂದ ಬಸ್ಸಲ್ಲಿ ಬರಬೇಕು,
ಡ್ರೈವರು ಮರೆಯದಿದ್ದರೆ ಸಾಯಂಕಾಲಕ್ಕೆ.

ಉಸ್ತಾದರು ಬೈಯುತ್ತಿದ್ದರೋ ಏನೋ.
ವೈರನ್ನು ಮತ್ತೆ ಸಿಕ್ಕಿಸಿ ಟೇಪು ಸುತ್ತಿದೆ.
ದಿಬ್ಬೂರಹಳ್ಳಿಗೆ ಮಾತ್ರ, ಅಂದೆ, ಏನಾದರೂ ಕಿರುಗುಟ್ಟಿದರೆ
ಆ ಕ್ಷಣ ಆಫ್ ಮಾಡು, ನಾಳೆ ನನ್ನ ವೈರು ನನಗೆ ಬೇಕು.
ಹೋಗುವ ಮುಂಚೆ ಪೇಪರಿನ ಮೂಲೆ ಎತ್ತಿ ತೋರಿಸಿದಳು,
ನನ್ನನ್ನು ಮಾರು ದೂರ ನಿಲ್ಲಿಸಿ.
ಅನ್ನದ ಅಗುಳಿನಷ್ಟಿದ್ದವು. ತಲೆ ಎತ್ತಿ ಕೂತಿದ್ದವು,
ತಿನ್ನದೆ, ಮಿಸುಕದೆ, ಎಲ್ಲೋ ಒಂದು ಸದ್ದು ಕಾಯುವವರ ಹಾಗೆ.
ಅದಕ್ಕೆ ಜ್ವರ ಅನ್ನುತ್ತಾರೆ.
ಮುಟ್ಟಿದರೆ ತಣ್ಣಗಿರುತ್ತವಂತೆ.

ರಾತ್ರಿ ಅಂಗಿ ಬಿಚ್ಚುವಾಗ ಜೇಬಿನಿಂದ
ಕಪ್ಪನೆ ಚೌಕವೊಂದು ನೆಲಕ್ಕೆ ಬಿತ್ತು.
ಹಾರನ್ ರಿಲೇ.
ಎದೆ ಧಸಕ್ ಅಂತು. ಫೋನು ಮಾಡಿದೆ.
ಗೊತ್ತಾಯ್ತು ಬಿಡಣ್ಣ, ಅಂದಳು,
ಕೆರೆ ಕಟ್ಟೆ ಮೇಲೆ ಕುರಿಮಂದೆ ಅಡ್ಡ ಬಂತು,
ಒತ್ತಿದೆ, ಮಾತೇ ಇಲ್ಲ.
ಗಾಜು ಇಳಿಸಿ ಕೂಗೋಣ ಅಂದ್ರೆ ತಂಪೆಲ್ಲ ಹೋಗತ್ತಲ್ಲ,
ಕಾದೆ.
ಕೊನೇ ಕುರಿ ದಾಟೋವರೆಗೂ ಕಾದೆ.
ಒಳಗೆ ಇಪ್ಪತ್ತಾರಿತ್ತು.